ಉದ್ಯಾನಸಸ್ಯಗಳಿಂದ ಕುರಿಗಳಿಗೆ ವಿಷಬಾಧೆ

ಉದ್ಯಾನ, ಅಂಗಳ, ಬೇಲಿಸಾಲು ಮತ್ತು ರಸ್ತೆಯ ಅಂಚುಗಳಲ್ಲಿ ಅಂದಕ್ಕೆಂದು ಬೆಳೆಸುವ ಗಿಡಗಳಲ್ಲಿ ಹಲವು ವಿಷಕಾರಿ. ಅವುಗಳ ಎಲೆ, ಕಡ್ಡಿ, ಬೀಜ ತಿಂದ ಕುರಿಗಳಲ್ಲಿ ಕಾಣುವ ಕಾಯಿಲೆ ಮತ್ತು ಸಾವುಗಳು ಪಶುವೈದ್ಯದಲ್ಲಿ ಸಸ್ಯವಿಷಬಾಧೆಯ ಒಂದು ಮುಖ್ಯ ಗುಂಪು. ಬ್ರಿಟನ್ನಿನಲ್ಲಿ ರೋಡೋಡೆಂಡ್ರಾನ್, ಯೂ ಮರ ಮತ್ತು ಚೆರಿ ಲಾರೆಲ್, ಮೆಡಿಟರೇನಿಯನ್ ತೀರದಿಂದ ದಖನ್ನಿನವರೆಗೆ ಕಣಗಿಲೆ, ಉಷ್ಣವಲಯದ ಉದ್ದಗಲಕ್ಕೂ ಲಂಟಾನ ಈ ಗುಂಪಿನಲ್ಲಿ ಹೆಸರಾದವು. ಕೈಪಿಡಿಗಳು ಸಾಮಾನ್ಯವಾಗಿ ಇಂಥ ಗಿಡಗಳ ಪಟ್ಟಿ ಕೊಟ್ಟು, ಒಂದೊಂದರ ಮುಂದೆ ವಿಷ, ಲಕ್ಷಣ, ಮದ್ದು ಬರೆಯುತ್ತವೆ. ಗುರುತಿಸುವುದಕ್ಕೆ ಆ ಪಟ್ಟಿ ಬೇಕೇ ಬೇಕು. ಆದರೆ ಕುರಿ ಉಳಿಯುವುದೋ ಸಾಯುವುದೋ ಎಂಬುದು ಗಿಡದ ಹೆಸರಿಗಿಂತ ಮೂರು ಸಂಗತಿಗಳನ್ನು ಹೆಚ್ಚು ಅವಲಂಬಿಸಿದೆ: ಸೊಪ್ಪು ಕುರಿಯ ಬಾಯಿಗೆ ಯಾವ ಸ್ಥಿತಿಯಲ್ಲಿ ಬಂತು, ಅದು ಮೆಲುಕುಚೀಲದಲ್ಲಿ ಇನ್ನೂ ಎಷ್ಟು ಉಳಿದಿದೆ, ತಿಂದು ಎಷ್ಟು ಹೊತ್ತಾಯಿತು. ಈ ಮೂರನ್ನು ಒಟ್ಟಿಗೆ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಇಂಥ ವಿಷಬಾಧೆಯ ನಿರ್ವಹಣೆ ಪ್ರತಿವಿಷ ಹುಡುಕುವ ಕೆಲಸವಾಗಿ ಉಳಿಯಬಾರದು. ಅದು ಹೊಟ್ಟೆಯಲ್ಲಿರುವ ಸೊಪ್ಪನ್ನು ಸಮಯಕ್ಕೆ ಸರಿಯಾಗಿ ತಡೆಯುವ ಕೆಲಸ, ಅದಕ್ಕೂ ಮುಂಚೆ ಕತ್ತರಿಸಿದ ಕೊಂಬೆಗಳನ್ನು ಎಲ್ಲಿ ಹಾಕಬೇಕೆಂದು ತೀರ್ಮಾನಿಸುವ ಕೆಲಸ.

ತೋಟದಿಂದ ಹೊರಬಂದ ಗಿಡಗಳು

ಈ ಗಿಡಗಳಲ್ಲಿ ಹಲವು ತಾವಿರುವ ನೆಲಕ್ಕೆ ಹೊರಗಿನವು. ರೋಡೋಡೆಂಡ್ರಾನ್ ಪಾಂಟಿಕಂ ಬ್ರಿಟನ್ನಿಗೆ ಬಂದದ್ದು 1763ರಲ್ಲಿ, ಶ್ರೀಮಂತರ ತೋಟಗಳ ಅಲಂಕಾರಕ್ಕಾಗಿ. ಈಗ ಅದು ವೇಲ್ಸ್ ಮತ್ತು ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ತಾನಾಗಿ ಹಬ್ಬಿ, ಕುರಿ ಮೇಯುವ ನೆಲವನ್ನೇ ಆವರಿಸಿದೆ. ಅಮೆರಿಕದ ಉಷ್ಣವಲಯದ ಲಂಟಾನ ಭಾರತಕ್ಕೆ 19ನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಉದ್ಯಾನದ ಮೂಲಕ ಹೂವಿನ ಗಿಡವಾಗಿ ಬಂತು. ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಕಾಡುಗಳಲ್ಲಿ ಅದು ಎಷ್ಟು ದಟ್ಟವಾಗಿದೆಯೆಂದರೆ ಸೋಲಿಗರು ಅದರ ಕಡ್ಡಿಗಳಿಂದ ಪೀಠೋಪಕರಣ ಹೆಣೆಯುತ್ತಾರೆ. ಗುಲಾಬಿ ಬಣ್ಣದ ಕಹಳೆಹೂ ಬಿಡುವ ಐಪೋಮಿಯ ಕಾರ್ನಿಯ ಎಂಬ ಬೇಲಿಗಿಡವೂ ಅಂದಕ್ಕೆಂದು ತಂದದ್ದೇ. ಈಗ ಅದು ಕೆರೆಯಂಗಳ ಮತ್ತು ಕಾಲುವೆ ದಂಡೆಗಳ ಕಳೆ. ಹಾಗಾಗಿ ಉದ್ಯಾನಸಸ್ಯ ಎಂಬುದನ್ನು ಕಾಂಪೌಂಡಿನೊಳಗೆ ಇರುವುದು ಎಂದಷ್ಟೇ ತಿಳಿದರೆ ಸಮಸ್ಯೆಯ ಅರ್ಧ ಭಾಗ ಕಣ್ಣು ತಪ್ಪುತ್ತದೆ. ಕುರಿ ಬೇಲಿ ಮುರಿದು ತೋಟಕ್ಕೆ ನುಗ್ಗುವುದು ಒಂದು ದಾರಿ. ತೋಟವೇ ಬೇಲಿ ದಾಟಿ ಕುರಿಯಿದ್ದಲ್ಲಿಗೆ ಬರುವುದು ಇನ್ನೊಂದು ದಾರಿ, ಅದು ಬೀಜದ ರೂಪದಲ್ಲಾದರೂ ಬರಬಹುದು, ಕತ್ತರಿಸಿ ಎಸೆದ ಕೊಂಬೆಯ ರೂಪದಲ್ಲಾದರೂ ಬರಬಹುದು.

ಕುರಿ ವಿಷವನ್ನು ತಿನ್ನುವುದೇಕೆ

ಪ್ರಾಣಿಗೆ ತನ್ನ ವಿಷ ತಾನೇ ಗೊತ್ತಿರುತ್ತದೆ, ಮೂಸಿ ಬಿಟ್ಟುಬಿಡುತ್ತದೆ ಎಂಬ ನಂಬಿಕೆ ಎಲ್ಲ ಕಡೆಯೂ ಇದೆ. ಅದು ಪೂರ್ತಿ ಸುಳ್ಳೇನೂ ಅಲ್ಲ. ಮೇಯುವ ಪ್ರಾಣಿಗಳ ಆಯ್ಕೆಯ ಬಗ್ಗೆ ಅಮೆರಿಕದ ಯೂಟಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ಫ್ರೆಡ್ ಪ್ರೊವೆಂಜ ಮತ್ತು ಅವರ ಸಂಗಡಿಗರು ದಶಕಗಳ ಕಾಲ ನಡೆಸಿದ ಅಧ್ಯಯನಗಳು ತೋರಿಸಿಕೊಟ್ಟದ್ದು ಇದು: ಮರಿ ತನ್ನ ತಾಯಿ ಏನು ತಿನ್ನುತ್ತದೆ ಎಂಬುದನ್ನು ನೋಡಿ ಕಲಿಯುತ್ತದೆ, ಹೊಸ ಸೊಪ್ಪನ್ನು ಮೊದಲು ಸ್ವಲ್ಪವೇ ಕಚ್ಚಿ ನೋಡುತ್ತದೆ, ತಿಂದ ಮೇಲೆ ಹೊಟ್ಟೆ ಕೆಟ್ಟರೆ ಆ ರುಚಿಯನ್ನು ನೆನಪಿಟ್ಟು ಮುಂದೆ ಬಿಡುತ್ತದೆ. ಅಂದರೆ ಕುರಿಯ ವಿವೇಕ ಹುಟ್ಟಿನಿಂದ ಬಂದದ್ದಕ್ಕಿಂತ ಹೆಚ್ಚಾಗಿ ಕಲಿತದ್ದು. ಕಲಿಕೆಗೆ ಮೂರು ಅಗತ್ಯಗಳಿವೆ: ಗಿಡದ ಪರಿಚಯವಿರಬೇಕು, ಸ್ವಲ್ಪವೇ ತಿನ್ನುವಷ್ಟು ಹೊಟ್ಟೆ ತುಂಬಿರಬೇಕು, ತಿಂದದ್ದು ಕೊಲ್ಲದೆ ಬರೀ ಸಂಕಟ ಕೊಡುವಂತಿರಬೇಕು. ಕಣಗಿಲೆ ಮತ್ತು ಯೂ ಗಿಡಗಳು ಮೂರನೆಯದನ್ನು ಮುರಿಯುತ್ತವೆ, ಅವು ಪಾಠ ಕಲಿಸುವ ಮೊದಲೇ ವಿದ್ಯಾರ್ಥಿಯನ್ನು ಮುಗಿಸುತ್ತವೆ. ಹಿಮ ಬಿದ್ದು ಹುಲ್ಲೆಲ್ಲ ಮುಚ್ಚಿಹೋದಾಗ ಹಸಿರಾಗಿ ನಿಲ್ಲುವುದು ರೋಡೋಡೆಂಡ್ರಾನ್‌ನಂಥ ಕೆಲವೇ ಗಿಡಗಳು. ಬೇಸಿಗೆಯಲ್ಲಿ ನೆಲ ಬಿರಿದಾಗ ಹಸಿರಾಗಿ ಉಳಿಯುವುದು ಲಂಟಾನ ಮತ್ತು ಐಪೋಮಿಯ. ಹಸಿವು ಎರಡನೆಯ ಅಗತ್ಯವನ್ನು ಮುರಿಯುತ್ತದೆ, ಹೊಸ ಜಾಗ ಮೊದಲನೆಯದನ್ನು. ಲಾರಿಯಲ್ಲಿ ಹಸಿದು ಬಂದ ಕುರಿಗಳು, ಲಂಟಾನವಿಲ್ಲದ ಸೀಮೆಯಿಂದ ಲಂಟಾನವಿರುವ ಸೀಮೆಗೆ ಬಂದ ಕುರಿಗಳು ಸ್ಥಳೀಯ ಕುರಿಗಳಿಗಿಂತ ಹೆಚ್ಚು ಬಲಿಯಾಗುವುದಕ್ಕೆ ಕಾರಣ ಇದೇ.

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಆಡಿಗೆ ಹೇಳಿದ್ದು, ಕುರಿಗಲ್ಲ. ಎರಡನ್ನೂ ಒಂದೇ ಎಂದು ನೋಡುವುದು ತಪ್ಪು. ಆಡು ಮೇಲಿನ ಸೊಪ್ಪನ್ನು ಎಟುಕಿಸಿ, ಹತ್ತು ಗಿಡಗಳಿಂದ ಹತ್ತು ಬಾಯಿ ಆರಿಸಿ ತಿನ್ನುತ್ತದೆ. ಕುರಿ ತಲೆ ತಗ್ಗಿಸಿ ನೆಲದ ಮೇಲಿನದನ್ನು ಮೇಯುವ ಪ್ರಾಣಿ. ಆದ್ದರಿಂದಲೇ ನಿಂತಿರುವ ಕಣಗಿಲೆ ಗಿಡಕ್ಕಿಂತ ಅದರ ಬುಡದಲ್ಲಿ ಕತ್ತರಿಸಿ ಹಾಕಿದ ರಾಶಿ ಕುರಿಗೆ ಹೆಚ್ಚು ಅಪಾಯಕಾರಿ. ಹಸಿ ಕಣಗಿಲೆ ಎಲೆ ಕಹಿ, ತೊಗಟೆಯಂತೆ ಗಡುಸು; ಬಾಯಿಗೆ ಹಿಡಿಸುವುದಿಲ್ಲ. ಒಣಗಿದಾಗ ಕಹಿ ಕಡಿಮೆಯಾಗುತ್ತದೆ, ವಿಷ ಮಾತ್ರ ಹಾಗೆಯೇ ಉಳಿಯುತ್ತದೆ. ಕುರಿಗಳ ಮೇಲೆ ನಡೆದ ಪ್ರಯೋಗವೊಂದರಲ್ಲಿ ದೇಹತೂಕದ ಪ್ರತಿ ಕಿಲೋಗೆ 110 ಮಿಲಿಗ್ರಾಂ ಒಣ ಎಲೆ ಕೊಲ್ಲುವ ಪ್ರಮಾಣವೆಂದು ಕಂಡುಬಂದಿತ್ತು. ಆ ಲೆಕ್ಕದಲ್ಲಿ 30 ಕಿಲೋ ತೂಗುವ ಕುರಿಗೆ 3 ಗ್ರಾಂ ಚಿಲ್ಲರೆ ಸಾಕು, ಒಂದು ಹಿಡಿಗಿಂತ ಬಹಳ ಕಡಿಮೆ. ಯೂ ಮರದ ಸವರಿದ ಕಡ್ಡಿಗಳೂ ಹೀಗೆಯೇ ಒಣಗಿದ ಮೇಲೂ ವಿಷವನ್ನು ಉಳಿಸಿಕೊಳ್ಳುತ್ತವೆ. ಇದಕ್ಕೆ ಮಂದೆಯ ಸ್ವಭಾವವೂ ಸೇರಿಕೊಳ್ಳುತ್ತದೆ: ಒಂದು ಕುರಿ ರಾಶಿಗೆ ಬಾಯಿ ಹಾಕಿದರೆ ಉಳಿದವು ಹಿಂಬಾಲಿಸುತ್ತವೆ, ಪೈಪೋಟಿಯಲ್ಲಿ ಮೂಸುವುದಕ್ಕೂ ಬಿಡುವಿರುವುದಿಲ್ಲ. ಕಹಿಯೆಂಬ ಗಿಡದ ರಕ್ಷಣೆಯನ್ನೂ ಎಚ್ಚರಿಕೆಯೆಂಬ ಕುರಿಯ ರಕ್ಷಣೆಯನ್ನೂ ಕತ್ತರಿ ಒಂದೇ ಏಟಿಗೆ ತೆಗೆದುಹಾಕುತ್ತದೆ.

ಮೆಲುಕುಚೀಲದ ಪಾತ್ರ

ಕುರಿಯ ನಾಲ್ಕು ಭಾಗಗಳ ಹೊಟ್ಟೆಯಲ್ಲಿ ಮೊದಲನೆಯದೂ ದೊಡ್ಡದೂ ಆದ ಮೆಲುಕುಚೀಲ ಅಥವಾ ರೂಮೆನ್ ಹತ್ತರಿಂದ ಇಪ್ಪತ್ತು ಲೀಟರ್ ಹಿಡಿಯುತ್ತದೆ. ಅಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ನಾರನ್ನು ಹುಳಿಯಿಸುತ್ತವೆ, ತಿಂದದ್ದು ಒಂದೆರಡು ದಿನ ಅಲ್ಲಿಯೇ ಇರುತ್ತದೆ. ವಿಷಬಾಧೆಯಲ್ಲಿ ಇದು ಎರಡು ಕಡೆಗೂ ಕೆಲಸ ಮಾಡುತ್ತದೆ. ಕೆಲವು ವಿಷಗಳನ್ನು ಸೂಕ್ಷ್ಮಜೀವಿಗಳೇ ಒಡೆದು ನಿರುಪದ್ರವಿ ಮಾಡುತ್ತವೆ. ಸುಬಾಬುಲ್ ಸೊಪ್ಪಿನಲ್ಲಿರುವ ಮಿಮೊಸಿನ್ ಕುರಿಯ ಉಣ್ಣೆ ಉದುರಿಸುತ್ತದೆ. ಆದರೆ ಹವಾಯಿಯ ಆಡುಗಳು ಅದನ್ನು ತಿಂದೂ ಆರೋಗ್ಯವಾಗಿದ್ದುದನ್ನು ಗಮನಿಸಿದ ಆಸ್ಟ್ರೇಲಿಯದ ವಿಜ್ಞಾನಿ ರೇಮಂಡ್ ಜೋನ್ಸ್, 1980ರ ದಶಕದಲ್ಲಿ ಆ ಆಡುಗಳ ಮೆಲುಕುಚೀಲದ ರಸವನ್ನು ತಂದು ತಮ್ಮ ದೇಶದ ಜಾನುವಾರುಗಳಿಗೆ ಕೊಟ್ಟು ರಕ್ಷಣೆ ದೊರಕಿಸಿದರು. ಆ ಕೆಲಸ ಮಾಡುವ ಬ್ಯಾಕ್ಟೀರಿಯಕ್ಕೆ ಅವರ ಗೌರವಾರ್ಥವಾಗಿಯೇ ಸಿನರ್ಜಿಸ್ಟಿಸ್ ಜೋನ್ಸಿಯೈ ಎಂದು ಹೆಸರಿಡಲಾಯಿತು. ಆಕ್ಸಲೇಟ್ ತುಂಬಿದ ಸೊಪ್ಪಿನ ವಿಷಯದಲ್ಲೂ ಹೀಗೆಯೇ: ದಿನದಿನಕ್ಕೂ ಸ್ವಲ್ಪ ಸ್ವಲ್ಪ ಹೆಚ್ಚಿಸಿ ಅಭ್ಯಾಸವಾದ ಕುರಿ ತಡೆದುಕೊಳ್ಳುವ ಪ್ರಮಾಣ ಅಭ್ಯಾಸವಿಲ್ಲದ ಕುರಿಯನ್ನು ಕೆಡವುತ್ತದೆ.

ಇದೇ ಚೀಲ ಬೇರೆ ವಿಷಗಳಿಗೆ ಕಾರ್ಖಾನೆಯಾಗುತ್ತದೆ. ಚೆರಿ ಲಾರೆಲ್ ಎಲೆಯಲ್ಲಿ ಸಯನೈಡ್ ಬಿಡಿಯಾಗಿ ಇರುವುದಿಲ್ಲ, ಸಕ್ಕರೆಯ ಅಣುವಿಗೆ ಕಟ್ಟಿಕೊಂಡಿರುತ್ತದೆ. ಆ ಕಟ್ಟನ್ನು ಬಿಚ್ಚುವ ಕಿಣ್ವಗಳು ಎಲೆಯಲ್ಲೂ ಇವೆ, ಮೆಲುಕುಚೀಲದ ಸೂಕ್ಷ್ಮಜೀವಿಗಳಲ್ಲೂ ಇವೆ. ಹಂದಿ, ಕುದುರೆಗಳ ಜಠರದ ತೀವ್ರ ಆಮ್ಲ ಈ ಕಿಣ್ವಗಳನ್ನು ತಡೆಯುತ್ತದೆ. ಮೆಲುಕುಚೀಲದ ಆಮ್ಲತೆ ಸೌಮ್ಯವಾಗಿರುವುದರಿಂದ ಅಲ್ಲಿ ಅವು ಸಲೀಸಾಗಿ ಕೆಲಸ ಮಾಡುತ್ತವೆ. ಸಯನೈಡ್ ವಿಷಕ್ಕೆ ಮೆಲುಕು ಹಾಕುವ ಪ್ರಾಣಿಗಳು ಹೆಚ್ಚು ಸುಲಭವಾಗಿ ತುತ್ತಾಗುವುದು ಈ ಕಾರಣಕ್ಕೆ. ಚಿಕಿತ್ಸೆಯ ದೃಷ್ಟಿಯಿಂದ ಎಲ್ಲಕ್ಕಿಂತ ಮುಖ್ಯವಾದುದು ಈ ಚೀಲ ದಾಸ್ತಾನು ಕೋಣೆಯೂ ಆಗಿರುವುದು. ರಕ್ತಕ್ಕೆ ಸೇರಿದ ವಿಷವನ್ನು ದೇಹ ಹೊರಹಾಕುತ್ತಿದ್ದರೂ ಹೊಟ್ಟೆಯಲ್ಲಿನ ಸೊಪ್ಪು ಹೊಸ ವಿಷವನ್ನು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಪೂರೈಸುತ್ತಲೇ ಇರುತ್ತದೆ. ಕುರಿ ನಾಯಿಯಂತೆ ವಾಂತಿ ಮಾಡಿ ಹಗುರಾಗಲಾರದು. ವಾಂತಿ ಮಾಡಿಸುವ ಔಷಧಿಯೂ ಅದಕ್ಕೆ ಇಲ್ಲ. ಒಳಗಿನ ಈ ದಾಸ್ತಾನನ್ನು ಮರೆತು ಹೊರಗಿನ ಲಕ್ಷಣಗಳಿಗೆ ಮಾತ್ರ ಸೂಜಿ ಹಾಕುವ ಚಿಕಿತ್ಸೆ ಸೋಲುವುದು ಇಲ್ಲಿಯೇ.

ವಿಷದ ವೇಗ

ಹೀಗಾಗಿ ಈ ಗಿಡಗಳನ್ನು ಸಸ್ಯಕುಟುಂಬದ ಪ್ರಕಾರ ವಿಂಗಡಿಸುವುದಕ್ಕಿಂತ ಅವು ಕೊಡುವ ಕಾಲಾವಕಾಶದ ಪ್ರಕಾರ ವಿಂಗಡಿಸುವುದು ಹೆಚ್ಚು ಉಪಯುಕ್ತ. ಮೊದಲನೆಯವು ನಿಮಿಷಗಳ ವಿಷಗಳು. ಚೆರಿ ಲಾರೆಲ್‌ನ ಸಯನೈಡ್ ಜೀವಕೋಶಗಳು ಆಮ್ಲಜನಕ ಬಳಸುವುದನ್ನೇ ನಿಲ್ಲಿಸುತ್ತದೆ. ರಕ್ತದಲ್ಲಿ ಆಮ್ಲಜನಕ ತುಂಬಿದ್ದರೂ ದೇಹ ಉಸಿರುಗಟ್ಟುತ್ತದೆ; ಅದಕ್ಕೇ ಕಣ್ಣು ಬಾಯಿಯ ಲೋಳೆಪೊರೆ ಮೊದಲಲ್ಲಿ ಕಡುಗೆಂಪಾಗಿ ಕಾಣುತ್ತದೆ. ಏದುಸಿರು, ತತ್ತರಿಕೆ, ಸೆಳೆತ, ಸಾವು ಹತ್ತಾರು ನಿಮಿಷಗಳಲ್ಲಿ ಮುಗಿಯಬಹುದು. ಕರ್ನಾಟಕದ ರೈತರಿಗೆ ಇದು ಬೇರೆ ಗಿಡದ ಮೂಲಕ ಪರಿಚಿತ: ಮಳೆಯಿಲ್ಲದೆ ಕುಂಠಿತವಾದ ಎಳೆ ಜೋಳ ತಿಂದ ದನ ಕುರಿಗಳು ಬೀಳುವುದೂ ಸಯನೈಡಿನಿಂದಲೇ.

ಎರಡನೆಯವು ಗಂಟೆಗಳ ವಿಷಗಳು, ಹೃದಯ ಮತ್ತು ನರಗಳ ಮೇಲೆ ಎರಗುವಂಥವು. ಕಣಗಿಲೆಯ ಓಲಿಯಾಂಡ್ರಿನ್, ಹಳದಿ ಕಣಗಿಲೆಯ ಥೆವೆಟಿನ್ ಹೃದಯದ ಜೀವಕೋಶಗಳಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ಅದಲುಬದಲು ಮಾಡುವ ಪಂಪನ್ನು ನಿಲ್ಲಿಸುತ್ತವೆ. ಮೊದಲು ಮೆಲುಕು ನಿಲ್ಲುತ್ತದೆ, ಹೊಟ್ಟೆ ಉಬ್ಬರಿಸಬಹುದು, ಭೇದಿಯಾಗಬಹುದು; ನಾಡಿ ನಿಧಾನವಾಗಿ, ಆಮೇಲೆ ತಾಳ ತಪ್ಪಿ, ಸಾಮಾನ್ಯವಾಗಿ ಅರ್ಧ ದಿನದೊಳಗೆ ಕುರಿ ಸಾಯುತ್ತದೆ. ಯೂ ಮರದ ಟ್ಯಾಕ್ಸಿನ್ ಹೃದಯದ ಸೋಡಿಯಂ ಮತ್ತು ಕ್ಯಾಲ್ಸಿಯಂ ದಾರಿಗಳನ್ನು ಮುಚ್ಚುತ್ತದೆ. ಎಷ್ಟೋ ಸಲ ಲಕ್ಷಣವೇ ಕಾಣದೆ, ಬಾಯಲ್ಲಿ ಎಲೆ ಇರುವಾಗಲೇ ಕುರಿ ಸತ್ತು ಬಿದ್ದಿರುತ್ತದೆ. ಯೂ ಹಣ್ಣಿನ ಕೆಂಪು ತಿರುಳೊಂದನ್ನು ಬಿಟ್ಟು ಆ ಮರದ ಉಳಿದದ್ದೆಲ್ಲ ವಿಷ. ರೋಡೋಡೆಂಡ್ರಾನಿನ ಗ್ರಯಾನೊಟಾಕ್ಸಿನ್ ಇದಕ್ಕೆ ವಿರುದ್ಧ ದಿಕ್ಕಿನದು. ಅದು ನರ ಮತ್ತು ಸ್ನಾಯುಗಳ ಸೋಡಿಯಂ ಬಾಗಿಲುಗಳನ್ನು ತೆರೆದೇ ಇಡುತ್ತದೆ. ತಿಂದು ಸುಮಾರು ಆರು ಗಂಟೆಗಳ ಮೇಲೆ ಜೊಲ್ಲು, ಹಲ್ಲು ಕಡಿಯುವುದು, ಹೊಟ್ಟೆನೋವಿನ ನರಳಾಟ, ಜೊತೆಗೆ ಕುರಿಗಳಲ್ಲಿ ಅಪರೂಪವಾದ ಹಸಿರು ನೊರೆಯ ವಾಂತಿ ಕಾಣಿಸುತ್ತವೆ. ಹೀಗೆ ಉಕ್ಕಿ ಬಂದದ್ದು ಹಗುರವಾಗುವಷ್ಟು ಹೊಟ್ಟೆಯನ್ನು ಖಾಲಿ ಮಾಡುವುದಿಲ್ಲ, ಶ್ವಾಸಕೋಶಕ್ಕೆ ಇಳಿಯುವ ಅಪಾಯವನ್ನು ಮಾತ್ರ ತರುತ್ತದೆ. ಈ ಗುಂಪಿನಲ್ಲಿ ಬದುಕುವ ಅವಕಾಶ ಹೆಚ್ಚಿರುವುದು ಇದರಲ್ಲೇ; ಚೆನ್ನಾಗಿ ನೋಡಿಕೊಂಡರೆ ಎರಡು ಮೂರು ದಿನಗಳಲ್ಲಿ ಹಲವು ಕುರಿಗಳು ಎದ್ದು ನಿಲ್ಲುತ್ತವೆ.

ಮೂರನೆಯವು ದಿನ ಮತ್ತು ವಾರಗಳ ವಿಷಗಳು. ಲಂಟಾನದ ಲಂಟಾಡೀನ್‌ಗಳು ಯಕೃತ್ತಿನಿಂದ ಪಿತ್ತ ಹರಿಯುವುದನ್ನು ತಡೆಯುತ್ತವೆ. ಹಸಿರು ಸೊಪ್ಪಿನ ಪತ್ರಹರಿತ್ತು ಮೆಲುಕುಚೀಲದಲ್ಲಿ ಒಡೆದಾಗ ಹುಟ್ಟುವ ಫಿಲ್ಲೊಎರಿಥ್ರಿನ್ ಎಂಬ ವಸ್ತು ಸಾಮಾನ್ಯವಾಗಿ ಪಿತ್ತದ ಜೊತೆ ಹೊರಹೋಗಬೇಕು. ದಾರಿ ಕಟ್ಟಿದಾಗ ಅದು ಚರ್ಮಕ್ಕೆ ಬಂದು ಸೇರುತ್ತದೆ, ಬಿಸಿಲು ಬಿದ್ದಲ್ಲಿ ಚರ್ಮವನ್ನು ಸುಡುತ್ತದೆ. ಉಣ್ಣೆಯ ಮರೆಯಿಲ್ಲದ ಮೂತಿ, ಕಿವಿ, ಕಣ್ಣಿನ ಸುತ್ತ ಬಾವು, ಬಿರುಕು, ಹಕ್ಕಳೆ ಬರುವುದು ಈ ಕಾರಣದಿಂದ. ಜೊತೆಗೆ ಕಾಮಾಲೆ, ಮಲಬದ್ಧತೆ, ಮೇವು ಬಿಡುವುದು. ಲಂಟಾನದ ಇನ್ನೊಂದು ಕ್ರೌರ್ಯ ಅದು ಮೆಲುಕುಚೀಲದ ಚಲನೆಯನ್ನೇ ನಿಲ್ಲಿಸುವುದು. ಚಲನೆ ನಿಂತರೆ ಸೊಪ್ಪು ಮುಂದೆ ಸಾಗದೆ ಅಲ್ಲೇ ಕೊಳೆಯುತ್ತಾ ವಿಷ ಕೊಡುತ್ತದೆ, ವಿಷ ಮತ್ತೆ ಚಲನೆಯನ್ನು ತಡೆಯುತ್ತದೆ. ಐಪೋಮಿಯ ಕಾರ್ನಿಯ ವಾರಗಟ್ಟಲೆ ತಿಂದಾಗ ಅದರ ಸ್ವೈನ್ಸೊನಿನ್ ನರಕೋಶಗಳಲ್ಲಿ ಸಕ್ಕರೆಯ ಸರಪಳಿಗಳು ಒಡೆಯದೆ ತುಂಬಿಕೊಳ್ಳುವಂತೆ ಮಾಡುತ್ತದೆ. ಕುರಿ ಬಡಕಲಾಗಿ, ತಲೆ ನಡುಗಿ, ಹೆಜ್ಜೆ ತಪ್ಪುತ್ತದೆ. ರಾತ್ರಿರಾಣಿಯ ಸಂಬಂಧಿಯಾದ, ಹಗಲಲ್ಲಿ ಅರಳುವ ಸೆಸ್ಟ್ರಂ ಡೈಯರ್ನಂ ಎಲೆಗಳಲ್ಲಿ ಡಿ ಜೀವಸತ್ವದ ಕ್ರಿಯಾಶೀಲ ರೂಪವಿದ್ದು, ಅದನ್ನು ಬಹುಕಾಲ ತಿಂದ ಪ್ರಾಣಿಗಳ ರಕ್ತನಾಳಗಳಲ್ಲಿ ಸುಣ್ಣ ಕಟ್ಟುತ್ತದೆ.

ಮೊದಲ ಗಂಟೆಯ ಕೆಲಸ

ಕುರಿಗಳು ಇಂಥ ಸೊಪ್ಪು ತಿನ್ನುತ್ತಿರುವುದು ಕಂಡಾಗ ಮೊದಲು ಮಾಡಬೇಕಾದುದು ಅವನ್ನು ಅಲ್ಲಿಂದ ಸರಿಸುವುದು. ಓಡಿಸಬಾರದು, ನಿಧಾನವಾಗಿ ನಡೆಸಬೇಕು. ಯೂ ಅಥವಾ ಕಣಗಿಲೆ ತಿಂದ ಕುರಿಯ ಹೃದಯಕ್ಕೆ ಓಟ, ಹಿಡಿದಾಟ, ನಾಯಿಯ ಬೊಗಳುವಿಕೆಯೂ ಕೊನೆಯ ಹೊಡೆತವಾಗಬಹುದು. ಆರೋಗ್ಯವಾಗಿ ಕಂಡ ಕುರಿ ಹಿಡಿಯಲು ಹೋದಾಗಲೇ ಸತ್ತದ್ದುಂಟು. ಮಲಗಿದ ಕುರಿಯನ್ನು ಪಕ್ಕಕ್ಕೆ ಬಿಡದೆ ಎದೆಯ ಮೇಲೆ ಕೂರುವಂತೆ ಹುಲ್ಲಿನ ಕಂತೆಯ ಒತ್ತು ಕೊಟ್ಟು ಇರಿಸಿದರೆ ಹೊಟ್ಟೆಯ ಗಾಳಿ ತೇಗಾಗಿ ಹೊರಬರುತ್ತದೆ, ಉಕ್ಕಿದ ರಸ ಶ್ವಾಸನಾಳಕ್ಕೆ ಇಳಿಯುವುದು ತಪ್ಪುತ್ತದೆ. ಲಂಟಾನ ತಿಂದದ್ದಾದರೆ ನೆರಳಿನ ಕೊಟ್ಟಿಗೆ ಚಿಕಿತ್ಸೆಯ ಭಾಗವೇ. ತಿಂದ ಗಿಡದ ಕೊಂಬೆಯೊಂದನ್ನು ಎತ್ತಿಟ್ಟುಕೊಂಡು, ತಿಂದ ಹೊತ್ತು, ಎಷ್ಟು ಕುರಿಗಳು ತಿಂದವೆಂಬ ಅಂದಾಜು ಸಮೇತ ಪಶುವೈದ್ಯರಿಗೆ ತಿಳಿಸಬೇಕು. ಭಾರತದಲ್ಲಿ ಸಂಚಾರಿ ಪಶುಚಿಕಿತ್ಸಾ ಘಟಕವನ್ನು ಕರೆಯುವ ಸಹಾಯವಾಣಿ 1962. ಲಕ್ಷಣ ಕಾಣುವವರೆಗೆ ಕಾಯುವುದು ಇಲ್ಲಿ ದೊಡ್ಡ ತಪ್ಪು, ಏಕೆಂದರೆ ಅತ್ಯುತ್ತಮ ಫಲ ಕೊಡುವ ಚಿಕಿತ್ಸೆ ಲಕ್ಷಣ ಕಾಣುವ ಮೊದಲಿನದು.

ಆ ಚಿಕಿತ್ಸೆಯ ತಿರುಳು ಮೆಲುಕುಚೀಲದ ದಾಸ್ತಾನನ್ನು ಕಟ್ಟಿಹಾಕುವುದು ಅಥವಾ ಖಾಲಿ ಮಾಡುವುದು. ಸಕ್ರಿಯ ಇದ್ದಿಲನ್ನು ದೇಹತೂಕದ ಕಿಲೋಗೆ 1ರಿಂದ 3 ಗ್ರಾಂನಂತೆ ನೀರಲ್ಲಿ ಕದಡಿ, ಹೊಟ್ಟೆಗೆ ಇಳಿಸಿದ ಕೊಳವೆಯ ಮೂಲಕ ಕೊಡುತ್ತಾರೆ. ಲಂಟಾನಕ್ಕೆ ಕಿಲೋಗೆ 5 ಗ್ರಾಂವರೆಗೆ ಕೊಡುವುದುಂಟು. ಅದೇ ಕೆಲಸವನ್ನು ಸ್ವಲ್ಪ ನಿಧಾನವಾಗಿ ಮಾಡುವ ಬೆಂಟೊನೈಟ್ ಜೇಡಿ ಅಗ್ಗ. ಒಲೆಯ ಇದ್ದಿಲನ್ನೇ ಅರೆದು ಕೊಟ್ಟರೆ ಆಗದೇ ಎಂಬ ಪ್ರಶ್ನೆ ಸಹಜ. ಸಕ್ರಿಯ ಇದ್ದಿಲಿನ ಶಕ್ತಿ ಇರುವುದು ಅದರ ಕಣಕಣದಲ್ಲೂ ಕೊರೆದಂತಿರುವ ಸೂಕ್ಷ್ಮ ರಂಧ್ರಗಳಲ್ಲಿ; ಒಲೆಯ ಇದ್ದಿಲಿಗೆ ಆ ಮೇಲ್ಮೈ ಇಲ್ಲ, ಹೆಚ್ಚೆಂದರೆ ಅಲ್ಪ ಪ್ರಯೋಜನ, ಅದಕ್ಕಾಗಿ ಹೊತ್ತು ಕಳೆಯುವಂತಿಲ್ಲ. ಕೊಲ್ಲುವಷ್ಟು ಸೊಪ್ಪು ತಿಂದದ್ದು ಖಚಿತವಾಗಿದ್ದು, ಕುರಿ ಇನ್ನೂ ಗಟ್ಟಿಯಾಗಿದ್ದರೆ, ಎಡಪಕ್ಕೆ ಕೊಯ್ದು ಮೆಲುಕುಚೀಲವನ್ನು ತೆರೆದು ಒಳಗಿನದನ್ನು ಕೈಯಿಂದ ತೆಗೆಯುವ ಶಸ್ತ್ರಚಿಕಿತ್ಸೆ ಎಲ್ಲಕ್ಕಿಂತ ನೇರವಾದದ್ದು. ಖಾಲಿಯಾದ ಚೀಲಕ್ಕೆ ಒಳ್ಳೆಯ ಹುಲ್ಲು ಮತ್ತು ಆರೋಗ್ಯವಂತ ಕುರಿಯ ಮೆಲುಕುರಸ ಹಾಕಿ ಹೊಲಿದರೆ ಸೂಕ್ಷ್ಮಜೀವಿಗಳ ಸಂಸಾರ ಮತ್ತೆ ಕೂಡಿಕೊಳ್ಳುತ್ತದೆ. ಇದು ಖರ್ಚಿನ ಕೆಲಸ, ನೂರು ಕುರಿಗೆ ಮಾಡಲಾಗದ ಕೆಲಸ ಎಂಬುದು ನಿಜ. ಆದ್ದರಿಂದ ಮಂದೆಯಲ್ಲಿ ಮೂರು ಗುಂಪು ಮಾಡುವುದು ಸರಿ: ತಿಂದಿವೆ ಆದರೆ ಲಕ್ಷಣವಿಲ್ಲ ಎಂಬವಕ್ಕೆ ಮೊದಲು ಇದ್ದಿಲು, ಬೆಲೆಬಾಳುವ ತಳಿಕುರಿ ಅಥವಾ ಟಗರಿಗೆ ಶಸ್ತ್ರಚಿಕಿತ್ಸೆ, ಆಗಲೇ ಬಿದ್ದವಕ್ಕೆ ಆರೈಕೆ. ಬಿದ್ದ ಕುರಿಯ ಸುತ್ತ ಎಲ್ಲರೂ ಸೇರಿ, ನಿಂತಿರುವ ಹತ್ತನ್ನು ಮರೆಯುವುದು ಮನುಷ್ಯಸಹಜ, ಆದರೆ ಲೆಕ್ಕದಲ್ಲಿ ನಷ್ಟ.

ಪ್ರತಿವಿಷದ ಪ್ರಶ್ನೆ

ಒಳ್ಳೆಯ ಪ್ರತಿವಿಷಗಳು ಇರುವಾಗ ಹೊಟ್ಟೆಯ ಮೇಲೆ ಇಷ್ಟು ಒತ್ತು ಏಕೆ ಎಂದು ಕೇಳಬಹುದು. ಇರುವವನ್ನು ಒಂದೊಂದಾಗಿ ನೋಡಿದರೆ ಉತ್ತರ ಸಿಗುತ್ತದೆ. ಸಯನೈಡಿಗೆ ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೊಸಲ್ಫೇಟ್ ನಿಜವಾದ ಪ್ರತಿವಿಷಗಳು, ರಕ್ತನಾಳದ ಮೂಲಕ ಕೊಟ್ಟರೆ ಸಾಯುತ್ತಿರುವ ಕುರಿಯೂ ಏಳಬಹುದು. ಅಲ್ಲಿ ಕೊರತೆಯಿರುವುದು ಮದ್ದಿಗಲ್ಲ, ಹೊತ್ತಿಗೆ. ಕಣಗಿಲೆ ಜಾತಿಯ ವಿಷಗಳಿಗೆ ಮನುಷ್ಯರಲ್ಲಿ ಡಿಗಾಕ್ಸಿನ್ ವಿರೋಧಿ ಪ್ರತಿಕಾಯಗಳು ಕೆಲಸ ಮಾಡುತ್ತವೆ. ಶ್ರೀಲಂಕಾದಲ್ಲಿ ಹಳದಿ ಕಣಗಿಲೆಯ ಬೀಜ ತಿಂದವರ ಮೇಲೆ ನಡೆದ ಪರೀಕ್ಷೆ ಇದನ್ನು ತೋರಿಸಿಕೊಟ್ಟಿದೆ. ಆದರೆ ಒಂದು ಕುರಿಗೆ ಆ ಮದ್ದಿನ ಬೆಲೆ ಇಡೀ ಮಂದೆಯ ಬೆಲೆಯನ್ನು ಮೀರೀತು. ಟ್ಯಾಕ್ಸಿನ್, ಗ್ರಯಾನೊಟಾಕ್ಸಿನ್, ಲಂಟಾಡೀನ್‌ಗಳಿಗೆ ನಿರ್ದಿಷ್ಟ ಪ್ರತಿವಿಷವೇ ಇಲ್ಲ. ನಿಧಾನಗೊಂಡ ಹೃದಯಕ್ಕೆ ಅಟ್ರೊಪಿನ್, ನಿರ್ಜಲೀಕರಣಕ್ಕೆ ದ್ರವ, ಶ್ವಾಸಕೋಶದ ಸೋಂಕಿಗೆ ಪ್ರತಿಜೈವಿಕ, ಇವೆಲ್ಲ ದೇಹಕ್ಕೆ ಕಾಲಾವಕಾಶ ಗಳಿಸಿಕೊಡುವ ಆಸರೆಗಳು. ಒಳಗಿನ ಪೂರೈಕೆ ನಿಂತಿದ್ದರೆ ಮಾತ್ರ ಆ ಕಾಲಾವಕಾಶಕ್ಕೆ ಅರ್ಥ.

ಮನೆಮದ್ದುಗಳನ್ನೂ ಇದೇ ಅಳತೆಗೋಲಿನಿಂದ ನೋಡಬೇಕು. ಬ್ರಿಟನ್ನಿನ ಕುರಿಗಾರರಲ್ಲಿ ರೋಡೋಡೆಂಡ್ರಾನ್ ತಿಂದ ಕುರಿಗೆ ಗಟ್ಟಿ ಚಹಾ ಕುಡಿಸುವ ರೂಢಿಯಿದೆ. ಚಹಾದ ಒಗರು ಹಲವು ಆಲ್ಕಲಾಯ್ಡ್ ವಿಷಗಳನ್ನು ಹೆಪ್ಪುಗಟ್ಟಿಸುವುದು ನಿಜ. ಗ್ರಯಾನೊಟಾಕ್ಸಿನ್ ಮಾತ್ರ ಆಲ್ಕಲಾಯ್ಡ್ ಗುಂಪಿಗೆ ಸೇರಿದ್ದಲ್ಲ. ಚಹಾ ಕುಡಿದ ಕುರಿ ಬದುಕಿತಲ್ಲ ಎನ್ನುವವರಿಗೆ ಉತ್ತರ, ಈ ವಿಷದಲ್ಲಿ ಏನೂ ಕುಡಿಯದ ಕುರಿಗಳೂ ಅನೇಕ ಬದುಕುತ್ತವೆ ಎಂಬುದು. ಬೆಚ್ಚಗಿನ ದ್ರವದಿಂದ ಸ್ವಲ್ಪ ಒಳಿತಾಗಿರಲೂಬಹುದು. ಆದರೆ ವಾಂತಿ ಮಾಡುತ್ತಿರುವ, ನುಂಗುವ ಶಕ್ತಿ ಕಳೆದುಕೊಂಡ ಕುರಿಯ ತಲೆಯೆತ್ತಿ ಬಾಯಿಗೆ ಗೊಟ್ಟದಿಂದ ಏನು ಹುಯ್ದರೂ, ಅದು ಚಹಾ ಆಗಲಿ, ಎಣ್ಣೆ, ಮಜ್ಜಿಗೆ, ಬೆಲ್ಲದ ನೀರಾಗಲಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ವಿಷದಿಂದ ಪಾರಾದ ಕುರಿ ವಾರದ ಮೇಲೆ ನ್ಯುಮೋನಿಯದಿಂದ ಸಾಯುವುದು ಹೀಗೆ. ವೈದ್ಯಕೀಯದ ರೂಢಿಗಳೂ ಎಚ್ಚರ ಬೇಡುತ್ತವೆ. ಗಬ್ಬದ ಕುರಿ ನೆಲಹಿಡಿದರೆ ಕ್ಯಾಲ್ಸಿಯಂ ಕೊರತೆಯೆಂದು ಕ್ಯಾಲ್ಸಿಯಂ ಚುಚ್ಚುವುದು ವಾಡಿಕೆ. ಕಾರಣ ಕಣಗಿಲೆಯಾಗಿದ್ದರೆ ಹೃದಯದ ಜೀವಕೋಶಗಳಲ್ಲಿ ಆಗಲೇ ಕ್ಯಾಲ್ಸಿಯಂ ಮಿತಿಮೀರಿರುತ್ತದೆ. ಆ ಸೂಜಿ ಅಪಾಯವನ್ನು ಹೆಚ್ಚಿಸುತ್ತದೆ. ಗಿಡದ ಹೆಸರು ಬೇಕಾಗುವುದು ಇಲ್ಲಿ, ಏನು ಕೊಡಬೇಕೆಂದು ಹೇಳುವುದಕ್ಕಿಂತ ಏನು ಕೊಡಬಾರದೆಂದು ಹೇಳುವುದಕ್ಕಾಗಿ.

ಸತ್ತ ಕುರಿಯಿಂದ ತಿಳಿಯುವುದು

ಹಲವು ಕುರಿಗಳು ಒಮ್ಮೆಗೇ ಸತ್ತರೆ ಮೊದಲ ಅನುಮಾನ ಸಾಂಕ್ರಾಮಿಕ ರೋಗದ ಮೇಲೆ ಹೋಗುತ್ತದೆ. ಕರುಳು ಬೇನೆ, ನೆರಡಿ ರೋಗಗಳೂ ಹಠಾತ್ತನೆ ಕೊಲ್ಲುತ್ತವೆ. ನೆರಡಿಯ ಅನುಮಾನವಿದ್ದರೆ ಶವವನ್ನು ಕೊಯ್ಯಲೇಬಾರದು, ವೈದ್ಯರೇ ರಕ್ತಪರೀಕ್ಷೆಯಿಂದ ನಿರ್ಧರಿಸಬೇಕು. ಅದಿಲ್ಲವೆಂದು ಖಚಿತವಾದ ಮೇಲೆ ಶವಪರೀಕ್ಷೆಯಲ್ಲಿ ಮೆಲುಕುಚೀಲವನ್ನು ತೆರೆದು ಎಲೆಯ ಚೂರುಗಳನ್ನು ಹುಡುಕುವುದು ವಿಷಬಾಧೆಯನ್ನು ಗುರುತಿಸುವ ಅತ್ಯಂತ ಸರಳ ದಾರಿ. ಕಣಗಿಲೆಯ ನಡುನರದಿಂದ ಒತ್ತೊತ್ತಾಗಿ ಸಮಾನಾಂತರ ಹೊರಡುವ ಸಣ್ಣ ನರಗಳು, ಯೂ ಮರದ ಸೂಜಿಯಂಥ ಎಲೆಗಳು ಅರ್ಧ ಜಗಿದ ಮೇಲೂ ಗುರುತು ಸಿಗುತ್ತವೆ. ಕರ್ನಾಟಕದಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಪ್ರಾಣಿರೋಗಗಳ ಪತ್ತೆಯ ಕೆಲಸವನ್ನೂ ಮಾಡುತ್ತದೆ. ಖಚಿತ ಉತ್ತರದಿಂದ ಸತ್ತ ಕುರಿಗೆ ಉಪಯೋಗವಿಲ್ಲದಿದ್ದರೂ ಬದುಕಿದವಕ್ಕೆ ಇದೆ: ಲಸಿಕೆ ಬೇಕೋ, ಜಾಗ ಬದಲಿಸಬೇಕೋ ಎಂಬುದು ಅದರಿಂದಲೇ ತಿಳಿಯುತ್ತದೆ. ವಿಷದಿಂದ ಸತ್ತ ಅಥವಾ ಸಾಯುವ ಮೊದಲು ಕೊಯ್ದ ಕುರಿಯ ಮಾಂಸವನ್ನು ಜನರಾಗಲಿ ನಾಯಿಯಾಗಲಿ ತಿನ್ನಬಾರದು, ಆಳವಾಗಿ ಹೂಳಬೇಕು.

ತಡೆಯುವುದು ಹೇಗೆ

ವಿಷದ ಗಿಡಗಳನ್ನೆಲ್ಲ ಕಿತ್ತುಹಾಕಿದರೆ ಮುಗಿಯಿತು ಎಂಬ ಸಲಹೆ ಸುಲಭವಾಗಿ ಬರುತ್ತದೆ. ಕುರಿಹಟ್ಟಿಯ ಬೇಲಿಯಲ್ಲಿ ಕಣಗಿಲೆಯಿದ್ದರೆ ಕೀಳುವುದೇ ಸರಿ. ಆದರೆ ಊರಿನ, ನಗರದ, ಹೆದ್ದಾರಿಯ ಎಲ್ಲ ಕಣಗಿಲೆಯನ್ನು ಕೀಳುವುದು ಸಾಧ್ಯವೂ ಅಲ್ಲ, ಅವಶ್ಯವೂ ಅಲ್ಲ. ಭಾರತದ ಹೆದ್ದಾರಿಗಳ ನಡುಪಟ್ಟಿಯಲ್ಲಿ ಕಣಗಿಲೆಯನ್ನು ಸಾಲಾಗಿ ನೆಡುವುದಕ್ಕೆ ಒಂದು ಕಾರಣವೇ ಅದನ್ನು ಜಾನುವಾರು ಮುಟ್ಟುವುದಿಲ್ಲ ಎಂಬುದು; ಬೇರೂರಿ ನಿಂತಿರುವಷ್ಟು ಕಾಲ ಆ ಲೆಕ್ಕ ಬಹುಮಟ್ಟಿಗೆ ಸರಿ. ಲೆಕ್ಕ ತಪ್ಪುವುದು ವರ್ಷಕ್ಕೆ ಒಂದೆರಡು ಸಲ ಸವರಿದ ಕೊಂಬೆಗಳನ್ನು ರಸ್ತೆಬದಿಗೆ ತಳ್ಳಿ ಹೋದಾಗ, ಅದೇ ರಸ್ತೆಬದಿಯಲ್ಲಿ ಮಂದೆ ಸಾಗುವಾಗ. ಇನ್ನೊಂದು ಅಪಾಯ ಒಳ್ಳೆಯ ಮನಸ್ಸಿನಿಂದ ಬರುವಂಥದ್ದು. ತೋಟ ಸವರಿದವರು ಹಸಿರು ವ್ಯರ್ಥವಾಗದಿರಲೆಂದು ಪಕ್ಕದ ಕುರಿಗಳಿಗೆ ಹಾಕುತ್ತಾರೆ. ಆದ್ದರಿಂದ ಹೆಚ್ಚು ಫಲ ಕೊಡುವ ನಿಯಮ ಗಿಡದ ಬಗ್ಗೆ ಇರದೆ ಕತ್ತರಿಯ ಬಗ್ಗೆ ಇರಬೇಕು: ಸವರಿದ್ದನ್ನು ಅದೇ ದಿನ ಎತ್ತಬೇಕು, ಕುರಿ ತಲುಪದಂತೆ ಹೂಳಬೇಕು ಅಥವಾ ಬೇಲಿಯೊಳಗೆ ಗೊಬ್ಬರಕ್ಕೆ ಹಾಕಬೇಕು, ಹೆಸರು ಗೊತ್ತಿಲ್ಲದ ಸೊಪ್ಪನ್ನು ಮೇವೆಂದು ಯಾರಿಗೂ ಕೊಡಬಾರದು.

ಕುರಿಯ ಕಡೆಯಿಂದಲೂ ಮಾಡುವುದಿದೆ. ಹೊಸ ಜಾಗಕ್ಕೆ ಬಿಡುವ ಮುಂಚೆ ಹೊಟ್ಟೆಗೆ ಒಣಮೇವು ಹಾಕಿದರೆ ಕುರಿ ಆರಿಸಿ ತಿನ್ನುವ ವ್ಯವಧಾನ ಪಡೆಯುತ್ತದೆ. ಲಿಥಿಯಂ ಕ್ಲೋರೈಡ್ ಕೊಟ್ಟು ಹೊಟ್ಟೆ ತೊಳಸುವಂತೆ ಮಾಡಿ ಒಂದು ಗಿಡದ ಮೇಲೆ ಜಿಗುಪ್ಸೆ ಹುಟ್ಟಿಸುವ ವಿಧಾನವೂ ಉಂಟು. ದ್ರಾಕ್ಷಿತೋಟದ ಕಳೆ ಮೇಯಲು ಬಿಟ್ಟ ಕುರಿಗಳು ಬಳ್ಳಿಗೆ ಬಾಯಿ ಹಾಕದಂತೆ ಹೀಗೆ ತರಬೇತಿ ಕೊಟ್ಟದ್ದಿದೆ. ಅದು ನಿಯಂತ್ರಿತ ತೋಟಗಳಿಗೆ ಒಗ್ಗುವ ಉಪಾಯ, ಅಲೆಯುವ ಮಂದೆಗಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1 ಕೋಟಿ 11 ಲಕ್ಷ ಕುರಿಗಳಿದ್ದವು. ಅವುಗಳಲ್ಲಿ ದೊಡ್ಡ ಪಾಲು ಬಯಲಿನಲ್ಲಿ, ಕೊಯ್ಲಾದ ಹೊಲಗಳಲ್ಲಿ, ರಸ್ತೆಯ ಬದಿಯಲ್ಲಿ ಮೇಯುವಂಥವು. ಹೀಗೆ ದೂರ ದೂರ ನಡೆಯುವ ಮಂದೆಯ ಪ್ರತಿ ಬಾಯಿಯನ್ನೂ ಕುರುಬ ಕಾಯಲಾರ ಎಂಬ ಆಕ್ಷೇಪ ಸರಿಯಾದದ್ದೇ, ಮತ್ತು ಹೊಣೆಯನ್ನು ಕುರಿಗಾರನೊಬ್ಬನ ಮೇಲೆ ಹೊರಿಸುವಂತಿಲ್ಲ ಎಂಬುದಕ್ಕೆ ಅದೇ ಆಧಾರ. ಗೋಮಾಳಗಳು ಕುಗ್ಗಿ, ಬಡಾವಣೆ ಮತ್ತು ಹೆದ್ದಾರಿಗಳು ಹಬ್ಬಿದಂತೆ ಮಂದೆಯ ದಾರಿಯಲ್ಲಿ ಅಲಂಕಾರದ ಗಿಡಗಳು ಹೆಚ್ಚುತ್ತಿವೆ. ಆ ಗಿಡಗಳನ್ನು ನೆಡುವವರು, ಸವರುವವರು, ಸವರಿದ್ದನ್ನು ಸಾಗಿಸುವ ಗುತ್ತಿಗೆ ಕೊಡುವವರು ಬೇರೆ. ಕುರಿಯ ಹೊಟ್ಟೆ ಸೇರಿದ ಮೇಲೆ ವಿಷವನ್ನು ತಡೆಯಲು ಅತ್ಯುತ್ತಮ ವೈದ್ಯರಿಗೂ ಸಿಗುವುದು ಕೆಲವೇ ಗಂಟೆಗಳು, ಕೆಲವೊಮ್ಮೆ ಅದೂ ಇಲ್ಲ. ಕೊಂಬೆ ನೆಲಕ್ಕೆ ಬಿದ್ದಾಗ ಅದನ್ನು ಎತ್ತಿಹಾಕುವುದಕ್ಕೆ ಯಾವ ವೈದ್ಯವೂ ಬೇಡ. ಉದ್ಯಾನಸಸ್ಯಗಳ ವಿಷಬಾಧೆಯನ್ನು ತೋಟಗಾರಿಕೆಯ ಮತ್ತು ರಸ್ತೆ ನಿರ್ವಹಣೆಯ ನಿಯಮಗಳಲ್ಲಿ ಸೇರಿಸದೆ ಪಶುವೈದ್ಯದ ಪುಸ್ತಕಗಳಲ್ಲಷ್ಟೇ ಇಟ್ಟರೆ, ಆ ಪುಸ್ತಕಗಳು ಎಷ್ಟು ಚೆನ್ನಾಗಿದ್ದರೂ ಸಾವಿನ ಲೆಕ್ಕ ಬರೆಯುವುದಕ್ಕೇ ಹೆಚ್ಚು ಬಳಕೆಯಾಗುತ್ತವೆ.